ಬಸ್ಸು ನಿಂತ ಜಾಗ

ರವಿ, ಆ ಸಂಜೆ ನಿಮ್ಮವರ ಬಸ್ಸು ಎಲ್ಲಿ ನಿಂತಿದೆ ಎಂದು ಊರಿಗೆಲ್ಲ ತಿಳಿಸಿದವಳು ನಾನು. ಒದೆ ತಿಂದವರು ನೀವು.

ಸಾಕರ್ ಕಪ್ ಪಂದ್ಯಕ್ಕೆಂದು ಅಭಿಮಾನಿಗಳು ಬಸ್ಸು ಮಾಡಿಕೊಂಡು ಊರೂರಿಗೆ ಹೋಗುವುದು ಅಮೆರಿಕದಲ್ಲಿ ಆಗಿನ್ನೂ ಹೊಸದು. ನೀವು ಸ್ಯಾಕ್ರಮೆಂಟೊ ಕಡೆಯ ಹವ್ಯಾಸಿ ತಂಡದ ಹಿಂದೆ ಡ್ರಮ್ಮು ಹೊತ್ತು ಬರ್ಕ್ಲಿಗೆ ಬಂದಿದ್ದಿರಿ. ನಾನು ಇಲ್ಲಿನ ಪತ್ರಿಕೆಯ ವರದಿಗಾರ್ತಿ. ಕೊರಳಲ್ಲಿದ್ದ ಪಾಸಿನ ಮೇಲೆ ನನ್ನ ಹೆಸರು ಓದಿ ಕನ್ನಡದಲ್ಲೇ ಮಾತಿಗೆ ನಿಂತಿರಿ.

"ಬಸ್ ಇಲ್ಲೀಗಂಟ ತಂದಿಲ್ಲ ಮೇಡಂ. ಯೂನಿಯನ್ ಸಿಟಿ ಸ್ಟೇಷನ್ ಹಿಂದೆ ನಿಲ್ಸಿ ಟ್ರೇನಲ್ಲಿ ಬಂದ್ವಿ. ಹೋದ್ಸಲ ನಿಮ್ಮೋರು ಟೈರ್ ಕುಯ್ದಾಕ್ಬುಟ್ರು. ಗೆದ್ರೆ ಹೊಡೀತಾರೆ, ಸೋತ್ರೆ ಆಡ್ಕೊತಾರೆ. ಸೋಲೋದೇ ವಾಸಿ!" ನಕ್ಕಿರಿ. ಆಮೇಲೆ ದನಿ ತಗ್ಗಿಸಿ, "ಇದೊಂದ್ ಬರೀಬೇಡಿ, ಆಯ್ತಾ?"

ನೀವು ಗೆದ್ದಿರಿ. ನಾನು ಬರೆದೆ — ಪತ್ರಿಕೆಯ ವೆಬ್‌ಸೈಟಿನಲ್ಲಿ, ಪಂದ್ಯದ ನೇರ ವರದಿಯಲ್ಲಿ, ಒಂದು ಸಾಲು. ಬೇರೆ ಯಾರ ಬಳಿಯೂ ಇಲ್ಲದ ವಿವರ, ನಿಜವಾದ ವಿವರ — ನನಗೆ ಅಷ್ಟೇ ಸಾಕಿತ್ತು.

ನಿಮ್ಮ ಸಂಭ್ರಮ ನೋಡಲು, ಯೂನಿಯನ್ ಸಿಟಿಗೆ ನೀವು ಹತ್ತಿದ ಟ್ರೇನನ್ನೇ ನಾನೂ ಹತ್ತಿದೆ. ನಮ್ಮ ಊರಿನವರು ಫ್ರೀವೇಯಲ್ಲಿ ಕಾರು ಓಡಿಸಿಕೊಂಡು ಮೊದಲೇ ಬಂದು ಕಾಯುತ್ತಿದ್ದರು. ಬಸ್ಸಿನ ಗಾಜು ಸಿಡಿಯಿತು. ಬಾವುಟದ ಕೋಲುಗಳು ತಲೆಗಳ ಮೇಲೆ ಬಿದ್ದವು. ಒಬ್ಬ ಬಾಯಿ ಹಿಡಿದು ಬಗ್ಗಿದ. ಬೆರಳುಗಳ ಸಂದಿಯಿಂದ ರಕ್ತ, ಹಲ್ಲು. ನಾನು ಕಂಬದ ಮರೆಯಲ್ಲಿ ನಿಂತು ಫೋನಿನಲ್ಲೇ ಆ ಸಾಲನ್ನು ಅಳಿಸಿದೆ.

ಹೊಡೆದವರು ಓಡಿದ ಮೇಲೆ ನಿಮ್ಮವರು ನಿಮ್ಮತ್ತ ತಿರುಗಿದರು. "ಇವನೇ ಮಾರಿದ್ದು! ಆ ಹೆಂಗಸಿನ ಹತ್ರ ಅವಳ ಭಾಷೇಲಿ ಏನೋ ಪಿಸುಗುಟ್ತಿದ್ದ," ಎಂದು ಒಬ್ಬ ಇಂಗ್ಲಿಷಿನಲ್ಲಿ ಕಿರುಚಿ ನಿಮ್ಮ ಕಾಲರ್ ಹಿಡಿದ.

"ಮೇಡಂ, ನಾನ್ ಏನಂದೆ ಅಂತ ಇವ್ರಿಗೆ ಹೇಳಿ!" ಕಂಬದ ಬಳಿ ನನ್ನನ್ನು ಕಂಡು ಕೂಗಿದಿರಿ.

ಎಲ್ಲರೂ ನನ್ನತ್ತ ನೋಡಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ: "ಇವರು ಯಾರೋ ನನಗೆ ಗೊತ್ತಿಲ್ಲ."

ಮೊದಲ ಒದೆ ಪಕ್ಕೆಗೆ ಬಿತ್ತು. ಮುಂದಿನದು ಕಿವಿಗೆ — ನಾನು ನಿಂತೇ ಇದ್ದೆ, ರವಿ. ಮರುದಿನದ ವರದಿಯಲ್ಲಿ 'ಎರಡು ಗುಂಪುಗಳ ನಡುವೆ ಘರ್ಷಣೆ' ಎಂದು ಬರೆದೆ. ಬಸ್ಸಿನ ಜಾಗ ಹೇಗೆ ತಿಳಿಯಿತೆಂಬುದು 'ಸ್ಪಷ್ಟವಿಲ್ಲ' ಎಂದೂ ಬರೆದೆ.

ನಿಮ್ಮ ಬಸ್ಸಿನ ಗುಂಪು ಇಂದಿಗೂ ಪಂದ್ಯಗಳಿಗೆ ಬರುತ್ತದೆ, ನೀವು ಬರುವುದಿಲ್ಲ. ನಿಮ್ಮ ಹೆಸರೆತ್ತಿದರೆ ಅವರು ಉಗಿಯುತ್ತಾರೆ — ನನ್ನೆದುರೇ ಉಗಿದಿದ್ದಾರೆ. ಆಗಲೂ ನಾನು —

ಶನಿವಾರ ಅವರು ಮತ್ತೆ ಬರುತ್ತಾರೆ. ಅವರ ಗ್ಯಾಲರಿಗೇ ಹೋಗಿ ಹೇಳುತ್ತೇನೆ. ನೀವು ನನ್ನನ್ನು ಕ್ಷಮಿಸಬೇಕಿಲ್ಲ. ಅವರು ನಿಮ್ಮ ಕ್ಷಮೆ ಕೇಳಬೇಕು. ಅದಕ್ಕೆ ಮೊದಲು ಅವರಿಗೆ ನಿಜ ಗೊತ್ತಾಗಬೇಕು.