ಒಂದು ಗೇಣು ದನಿ

ಪ್ರಶಸ್ತಿ ಕೊಟ್ಟವರೆಲ್ಲ ವರ್ಡೆಲ್ ಟಾಲಿವರಳನ್ನು ಎದೆಗಾರ್ತಿ ಎಂದೇ ಕೊಂಡಾಡಿದರು. ಹನ್ನೊಂದು ಸಾಕ್ಷ್ಯಚಿತ್ರ ತೆಗೆದವಳು, ಸಾರ್ವಜನಿಕ ಟೀವಿ ಕೇಂದ್ರವೊಂದನ್ನು ಹದಿನಾಲ್ಕು ವರ್ಷ ನಡೆಸಿದವಳು, ಅಳುಕೆಂದರೇನೆಂದು ಅರಿಯದ ಕಪ್ಪು ಹೆಣ್ಣು ಎಂದೆಲ್ಲ. ಹೊಗಳುವುದಕ್ಕೇನು ಖರ್ಚು? ವೇದಿಕೆ ಹತ್ತುವ ಮೊದಲು ಅವಳು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದಿರುತ್ತಿದ್ದಳು. ಕ್ಯಾಮೆರಾ ಹೊತ್ತು ಹೊರಟ ಬೆಳಗುಗಳಲ್ಲೂ ಅದೇ ಪಾಡು. ಅಂಥ ಇನ್ನೊಬ್ಬ ಪುಕ್ಕಲಿಯನ್ನು ನಮ್ಮ ಮಿಸಿಸಿಪ್ಪಿಯ ಹತ್ತಿ ಸೀಮೆ ಹೆತ್ತಿರಲಿಕ್ಕಿಲ್ಲ.

ಆ ಭಯ ತವರಿನ ಬಳುವಳಿ. ಅವಳ ಊರಾದ ಟಕರ್ಸ್ ಬೆಂಡಿನಲ್ಲಿ ಕೇಡು ಮಾಡಿದ ಬಿಳಿಯರ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಊಟದ ಮೇಜಿನಲ್ಲಿ ಕೂಡ, ಕಿಟಕಿ ಮುಚ್ಚಿದ್ದರೂ, 'ಅವನು' ಎಂದು ಗದ್ದವನ್ನು ಆ ದಿಕ್ಕಿಗೆ ಎತ್ತಿ ತೋರಿಸುವುದೇ ರೂಢಿ. ಆರು ವರ್ಷದ ವರ್ಡೆಲ್ ಒಮ್ಮೆ ರಸ್ತೆಯಲ್ಲಿ ಹತ್ತಿ ಗಿರಣಿಯ ಯಜಮಾನನ ಹೆಸರು ಹೇಳಿದ್ದಕ್ಕೆ ತಾಯಿ ಅವಳ ಬಾಯನ್ನು ಎಷ್ಟು ಬಿಗಿಯಾಗಿ ಮುಚ್ಚಿದಳೆಂದರೆ, ತುಟಿಯ ಮೇಲೆ ಉಗುರಿನ ಗಾಯ ಎರಡು ದಿನ ಇತ್ತು.

ದೊಡ್ಡವಳಾದ ಮೇಲೆ ಅವಳು ಹಿಡಿದ ಮೊದಲ ಕೆಲಸ ಶವಸಂಸ್ಕಾರದ ಅಂಗಡಿಯಲ್ಲಿ, ಮನೆಯವರಿಗಾಗಿ ಸತ್ತವರ ಫೋಟೊ ತೆಗೆಯುವುದು. ಸತ್ತವರು ಯಾರಿಗೂ ಏನೂ ಮಾಡುವುದಿಲ್ಲವಲ್ಲ, ಅವಳಿಗೆ ಒಗ್ಗಿತು. ಅಲ್ಲಿಂದ ೧೯೭೨ರಲ್ಲಿ ಟೀವಿ ಕೇಂದ್ರ ಅವಳನ್ನು ಕರೆಯಿತು. ಮೊದಲ ಚಿತ್ರಕ್ಕೆ ಅವಳು ಯಾರ ತಂಟೆಗೂ ಹೋಗದ ವಿಷಯ ಆರಿಸಿಕೊಂಡಳು: ಊರ ಮುದುಕಿಯರು ಹೊಲಿಯುವ ಕೌದಿ.

ಎಪ್ಪತ್ತನಾಲ್ಕು ವರ್ಷದ ಮಿಸ್ ಆರ್ಜುಲಾ ಗೇಟ್‌ವುಡ್ ಜಗಲಿಯ ಮೇಲೆ ಕೌದಿ ಹರವಿಕೊಂಡು ಸೂಜಿ ಆಡಿಸುತ್ತಿದ್ದಳು. ಈ ನೀಲಿ ತುಂಡು ಯಾರ ಅಂಗಿಯದು ಎಂದು ವರ್ಡೆಲ್ ಸುಮ್ಮನೆ ಕೇಳಿದಳು. ತಮ್ಮ ಎಲ್ಜಿನನದು ಎಂದಳು ಮುದುಕಿ. ಅಷ್ಟಕ್ಕೆ ನಿಲ್ಲಲಿಲ್ಲ. ಮೂವತ್ತೆಂಟು ವರ್ಷದ ಹಿಂದೆ, ಎದುರು ಮಾತಾಡಿದ್ದಕ್ಕೆ, ಎಲ್ಜಿನನನ್ನು ಗಿರಣಿಯ ಅಂಗಳದಿಂದ ಎಳೆದೊಯ್ದದ್ದು, ಮೂರನೆಯ ದಿನ ನದಿಯಲ್ಲಿ ಸಿಕ್ಕಿದ್ದು, ಎಲ್ಲವನ್ನೂ ಹೇಳಿದಳು. ಎಳೆದೊಯ್ದವನ ಹೆಸರನ್ನೂ ಹೇಳಿದಳು. ಗದ್ದ ಎತ್ತಲಿಲ್ಲ, ಕ್ಯಾಮೆರಾವನ್ನೇ ನೋಡುತ್ತಾ ಹೇಳಿದಳು.

ಆ ಮನುಷ್ಯ ಇನ್ನೂ ಬದುಕಿದ್ದ. ಗಿರಣಿ ಅವನದು, ಆರ್ಜುಲಾ ಬಾಡಿಗೆಗಿದ್ದ ಮನೆಯೂ ಅವನದು. ಅದೇ ಬೀದಿಯಲ್ಲಿ ವರ್ಡೆಲಳ ತಾಯಿ ಇದ್ದಳು. ಮರದ ಮನೆಗಳು. ಒಂದು ಕಡ್ಡಿ ಗೀರಿದರೆ ಸಾಕಿತ್ತು.

ಆಗೆಲ್ಲ ಚಿತ್ರದ ಸುರುಳಿ ಬೇರೆ, ದನಿಯ ಪಟ್ಟಿ ಬೇರೆ. ಕೇಂದ್ರದ ಕೋಣೆಯ ಬಾಗಿಲು ಹಾಕಿಕೊಂಡು ಅವಳು ಆ ಹೆಸರನ್ನು ಹುಡುಕಿ ಅಳೆದಳು. ಸರಿಯಾಗಿ ಒಂದು ಗೇಣು. ಅಷ್ಟನ್ನು ಕತ್ತರಿಸಿ ಅಷ್ಟೇ ಉದ್ದದ ಖಾಲಿ ಪಟ್ಟಿ ಅಂಟಿಸಿದಳು. ತುಂಡನ್ನು ಎಸೆಯುವುದಕ್ಕೂ ಹೆದರಿಕೆ, ಯಾರ ಕೈಗೆ ಸಿಗುತ್ತದೋ ಎಂದು. ಕರವಸ್ತ್ರದಲ್ಲಿ ಸುತ್ತಿ ಕೈಚೀಲದ ತಳದಲ್ಲಿ ಇಟ್ಟುಕೊಂಡಳು. ಮುದುಕಿಯನ್ನು ಉಳಿಸಿದೆ ಎಂದು ಸಮಾಧಾನ ಮಾಡಿಕೊಂಡಳು.

ಟೀವಿಯಲ್ಲಿ ಬರುವ ಮೊದಲು ಚಿತ್ರದಲ್ಲಿದ್ದವರೇ ಅದನ್ನು ನೋಡಬೇಕು ಎಂಬುದು ಅವಳೇ ಮಾಡಿಕೊಂಡ ನೇಮ. ಭಾನುವಾರ ಪ್ರಾರ್ಥನೆಯ ನಂತರ ಚರ್ಚಿನ ನೆಲಮಾಳಿಗೆಯಲ್ಲಿ ಕರಿದ ಮೀನು ತಿನ್ನುತ್ತಾ ಎಲ್ಲರೂ ಕೂತರು. ತಮ್ಮ ಮುಖ ಕಂಡಾಗಲೆಲ್ಲ ಮುದುಕಿಯರು ಒಬ್ಬರನ್ನೊಬ್ಬರು ತಿವಿದು, ನಿನ್ನ ಟೋಪಿ ನೋಡೇ, ಕೋಳಿಗೂಡು ಇದ್ದ ಹಾಗಿದೆ ಎಂದು ನಕ್ಕರು. ಆರ್ಜುಲಾ ತೆರೆಯ ಮೇಲೆ ಬಂದಳು. ಅವಳ ಮಾತಿನಲ್ಲಿ ಎಲ್ಜಿನ್ ಬಂದ, ಗಿರಣಿ ಬಂತು. ಆಮೇಲೆ ಅವಳ ತುಟಿ ಆಡಿತು, ದನಿ ಇರಲಿಲ್ಲ. ಬೀಸಣಿಗೆಗಳು ನಿಂತವು. ಅಲ್ಲಿದ್ದ ಪ್ರತಿಯೊಬ್ಬರಿಗೂ ಆ ಜಾಗದಲ್ಲಿ ಏನಿತ್ತೆಂದು ಗೊತ್ತಿತ್ತು.

ದೀಪ ಹಾಕಿದ ಮೇಲೆ ಆರ್ಜುಲಾ ಕೂತಲ್ಲಿಂದಲೇ ಕೇಳಿದಳು.

"ಇಷ್ಟು ವರ್ಷ ಅವ್ರು ನನ್ನ ಬಾಯಿ ಮುಚ್ಚಿಸಿದ್ರು. ಅವ್ರ ಹತ್ರ ಬಂದೂಕಿತ್ತು. ನಿನ್ನ ಹತ್ರ ಏನಿತ್ತು ಮಗಳೇ?"

ಯಂತ್ರ ಕೆಟ್ಟಿತ್ತು ಎಂಬ ಸುಳ್ಳು ವರ್ಡೆಲಳ ನಾಲಿಗೆಯ ತುದಿಗೆ ಬಂದಿತ್ತು. ಆ ಕಣ್ಣಿನ ಮುಂದೆ ಆಗಲಿಲ್ಲ.

"ಕತ್ತರಿ," ಎಂದಳು. "ಹೆದ್ರಿಕೆ ಆಯ್ತು, ಮಿಸ್ ಆರ್ಜುಲಾ. ನಿಮ್ಗೇನಾದ್ರೂ ಮಾಡಿದ್ರೆ?"

"ಮಾಡ್ತಾರೆ. ನಂಗೇನು ಹೆದ್ರಿಕೆ ಇಲ್ಲ ಅಂದ್ಕೊಂಡ್ಯಾ? ಹೆದ್ರಿಕೊಂಡೇ ಹೇಳಿದ್ದು. ನೀನೂ ಹೆದ್ರಿಕೊಂಡೇ ಅಂಟ್ಸು, ಹೋಗು."

ವರ್ಡೆಲ್ ಅಂಟಿಸಿದಳು. ಎರಡು ಸಲ ಅಂಟು ವಕ್ರವಾಯಿತು. ಗುರುವಾರ ಸಂಜೆ ಏಳಕ್ಕೆ ಪ್ರಸಾರ. ಕೇಂದ್ರದಲ್ಲಿ ಕೂತು ನೋಡಬಹುದಿತ್ತು, ಅಲ್ಲಿ ಕಾವಲಿನವನಿದ್ದ. ಅವಳು ಆರ್ಜುಲಾಳ ಮನೆಗೆ ಕಾರು ತಿರುಗಿಸಿದಳು. ಹೊಲಗಳ ನಡುವೆ ಒಂದು ಪಿಕಪ್ ಗಾಡಿ ಮೂರು ಮೈಲಿ ಅವಳ ಬೆನ್ನಿಗಿತ್ತು. ಅದು ನಿಧಾನಿಸಿದರೂ ಜೀವ ಹೋಯಿತು, ಹತ್ತಿರ ಬಂದರೂ ಜೀವ ಹೋಯಿತು. ಕೊನೆಗೆ ಅದು ಮೀನಿನ ಕೊಳದ ದಾರಿ ಹಿಡಿಯಿತು. ಅವಳು ಕಾರು ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತಳು, ಮುಖ ಒರೆಸಿಕೊಂಡು ಮತ್ತೆ ಹೊರಟಳು.

ಇನ್ನೂ ಬಿಸಿಲಿತ್ತು. ಮುದುಕಿ ಕಿಟಕಿಯ ಪರದೆ ಎಳೆದು, ದೀಪ ಹಚ್ಚದೆ, ಚರ್ಚಿನ ಟೋಪಿ ಹಾಕಿಕೊಂಡು ಟೀವಿಯ ಮುಂದೆ ಕೂತಿದ್ದಳು. ಇಬ್ಬರೂ ಕೈ ಹಿಡಿದುಕೊಂಡರು. ಪೆಟ್ಟಿಗೆಯೊಳಗಿನ ಆರ್ಜುಲಾ, ಬೀದಿಯ ಎಲ್ಲ ಮನೆಗಳಲ್ಲೂ ಒಟ್ಟಿಗೆ, ಹೇಳಿದಳು: "ನನ್ನ ತಮ್ಮನ್ನ ಎಳ್ಕೊಂಡು ಹೋದೋನು ರಾಯ್ಸ್ ಹ್ಯಾಲ್ಕಂಬ್."

ಬೆಂಕಿ ಬೀಳಲಿಲ್ಲ. ಆದರೆ ವರ್ಡೆಲಳ ಹೆದರಿಕೆ ಸುಳ್ಳೂ ಆಗಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ, ಮನೆ ಖಾಲಿ ಮಾಡು ಎಂಬ ಹ್ಯಾಲ್ಕಂಬನ ಚೀಟಿ ಬಂತು. ಮೂವತ್ತು ವರ್ಷ ಬಾಳಿದ ಮನೆಯಿಂದ ಆರ್ಜುಲಾ ಎರಡು ಪೆಟ್ಟಿಗೆ, ಒಂದು ಕೌದಿ ಗಂಟಿನೊಂದಿಗೆ ಹೊರಬಿದ್ದಳು. ವರ್ಡೆಲ್ ಅವಳನ್ನು ನಗರದ ತನ್ನ ಎರಡು ಕೋಣೆಯ ಬಿಡಾರಕ್ಕೆ ಕರೆತಂದಳು, ಮುದುಕಿಯ ಬದುಕನ್ನು ನಾನೇ ಹಾಳುಮಾಡಿದೆ ಎಂದು ದಾರಿಯುದ್ದಕ್ಕೂ ಒಳಗೊಳಗೇ ಬೇಯುತ್ತಾ.

ಮುದುಕಿ ಹೊಸಿಲು ದಾಟಿ, ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು. ಒಂದರ ಕೆಳಗೊಂದು ಮೂರು ಚಿಲಕ. ವರ್ಡೆಲಳಿಗೆ ನಾಚಿಕೆಯಾಯಿತು. ಒಂಟಿ ಹೆಂಗಸು, ಅದಕ್ಕೇ ಹಾಕಿಸಿಕೊಂಡೆ ಎಂದೇನೋ ತೊದಲಿದಳು.

"ಒಳ್ಳೇದಾಯ್ತು," ಎಂದಳು ಆರ್ಜುಲಾ, ಗಂಟನ್ನು ಹಾಸಿಗೆಯ ಮೇಲಿಟ್ಟು. "ಮೂರೂ ಹಾಕು ಮಗಳೇ."