ಗೂಟದಿಂದ ಅಳೆದ ಅಲೆ

ಇಸಿಕ್‌ಕುಲ್ ಸರೋವರದ ದಂಡೆಯ ನೀರಳತೆ ಠಾಣೆಗೆ ಬುರುಲ್ಸುನ್ ಸೇರಿದ್ದು ಕಸ ಗುಡಿಸಲು. ರಟ್ಟು ಹರಿದ ರಷ್ಯನ್ ಪುಸ್ತಕವೊಂದನ್ನು ಹಿಡಿದು, ಯಾರ ಹಂಗೂ ಇಲ್ಲದೆ ಸಿ ಭಾಷೆ ಕಲಿತಳು. ಐವತ್ತೆಂಟರ ವಯಸ್ಸಿನಲ್ಲಿ, ದೋಣಿಕಟ್ಟೆಯ ತುದಿಯ ಯಂತ್ರಕ್ಕೆ ಅವಳೇ ಪ್ರೋಗ್ರಾಂ ಬರೆದಳು. ನೀರಿನ ಮಟ್ಟ ಸರಾಸರಿಯ ಆಚೀಚೆ ಎಷ್ಟು ತುಯ್ಯುತ್ತಿದೆ ಎಂದು ಅದು ಗಂಟೆಗೊಮ್ಮೆ ಹೇಳಬೇಕು. ಮೀನುಗಾರರು ಅದನ್ನು ನೋಡಿ ದೋಣಿ ಬಿಡಬೇಕು.

ಯಂತ್ರ ಒಮ್ಮೆ ಸೊನ್ನೆ ಎಂದಿತು. ಇನ್ನೊಮ್ಮೆ ಮೈನಸ್ 262144 ಎಂದಿತು. ಅದು ತೋರಿಸಬೇಕಾದದ್ದು ಏರಿಳಿತಗಳ ವರ್ಗಗಳ ಸರಾಸರಿ; ವರ್ಗಗಳ ಸರಾಸರಿ ಸೊನ್ನೆಗಿಂತ ಕೆಳಗಿಳಿಯುವುದುಂಟೆ?

"ಎಜೆ, ಸಂಜೆಯೊಳಗೆ ಸರಿಹೋಗದಿದ್ರೆ ಯಂತ್ರ ಕಿತ್ತಾಕ್ತೀನಿ," ಎಂದ, ಅವಳನ್ನು ಅಕ್ಕ ಎಂದೇ ಕರೆಯುವ ಠಾಣೆಯ ಮುಖ್ಯಸ್ಥ ಮೆದೆರ್. "ನಿಮಗೆ ಮತ್ತೆ ಪೊರಕೇನೇ ಗತಿ. ಸಂಖ್ಯೆಗೆ ಮೆಮೊರಿಯಲ್ಲಿ ಎರಡರಷ್ಟು ಜಾಗ ಕೊಡಬಾರದಾ?"

"ಕೊಟ್ರೆ ಈ ಪುಟ್ಟ ಚಿಪ್ ತೆವಳುತ್ತಪ್ಪಾ. ಬ್ಯಾಟರಿ ಮಧ್ಯಾಹ್ನಕ್ಕೇ ಕಣ್ಮುಚ್ಚುತ್ತೆ."

ಅಳತೆಯೇ ತಪ್ಪಿರಬಹುದೆಂದು ಅವಳು ಕಟ್ಟೆಗೆ ನಡೆದಳು. ಅಲ್ಲಿ ಮುದುಕ ಜುಮಕಾದಿರ್ ನೀರಲ್ಲಿ ನೆಟ್ಟ ಅಳತೆಗೂಟ ನೋಡುತ್ತ ತನ್ನ ಪುಸ್ತಕದಲ್ಲಿ ಸೆಂಟಿಮೀಟರುಗಳನ್ನು ಬರೆದುಕೊಳ್ಳುತ್ತಿದ್ದ: 44, 42, 46.

"ಆತಾ, ಪೂರ್ತಿ ಎತ್ತರ ಯಾಕೆ ಬರೆಯಲ್ಲ?"

"ಸಾವಿರದ ಆರುನೂರಾರು ಮೀಟರು ಎಲ್ಲಿಗೂ ಓಡಿಹೋಗಲ್ಲ ಮಗಳೇ. ರಟ್ಟಿನ ಮೇಲೆ ಒಂದ್ಸಲ ಬರೆದಿದೀನಿ, ಸಾಕು. ಅಲೆ ಆಡೋದು ಗೂಟದ ತಲೇಲಿ. ನಿನ್ನ ಯಂತ್ರ ಪ್ರತಿ ಸಲ ಬೆಟ್ಟಾನೇ ಹೊತ್ಕೊಂಡು ಬರುತ್ತಾ?"

ಬುರುಲ್ಸುನ್ ನಿಂತಲ್ಲೇ ನಿಂತಳು. ಹೌದು, ಹೊತ್ತು ತರುತ್ತಿತ್ತು. ಹದಿನಾರು ಲಕ್ಷ ಮಿಲಿಮೀಟರನ್ನು ವರ್ಗ ಮಾಡಿ ಕೂಡಿಸುತ್ತಿತ್ತು. ಆ ಇಕ್ಕಟ್ಟಿನ ಜಾಗದಲ್ಲಿ ನಿಲ್ಲುವುದು ಮೊದಲ ಏಳು ಅಂಕಿ ಮಾತ್ರ. ಕೊನೆಗೆ ವರ್ಗಗಳ ಸರಾಸರಿ, ಸರಾಸರಿಯ ವರ್ಗ ಎಂಬ ಎರಡು ಬೆಟ್ಟಗಳನ್ನು ಒಂದರಿಂದೊಂದು ಕಳೆಯುವಾಗ ಅಲೆಯ ಅಂಕಿಗಳು ಎಂದೋ ಉದುರಿಹೋಗಿರುತ್ತಿದ್ದವು. ಉಳಿಯುತ್ತಿದ್ದುದು ಉದುರಿದ್ದರ ತಪ್ಪು ಮಾತ್ರ.

ಅವಳು ಒಂದೇ ಸಾಲು ಸೇರಿಸಿದಳು. ಆಯಾ ಗಂಟೆಯ ಮೊದಲ ಅಳತೆಯನ್ನೇ ಗೂಟವಾಗಿ ನೆಟ್ಟು, ಮಿಕ್ಕ ಪ್ರತಿ ಅಳತೆಯಿಂದಲೂ ಅದನ್ನು ಕಳೆದು, ಆಮೇಲೆ ವರ್ಗ ಮಾಡುವುದು. ಅಳತೆಗೊಂದು ಕಳೆಯುವ ಲೆಕ್ಕ ಹೆಚ್ಚಾಯಿತು, ಅಷ್ಟೆ; ಚಿಪ್‌ಗೆ ಅದು ಭಾರವೇ ಅಲ್ಲ.

ಸಂಜೆ ಮೆದೆರ್ ಸ್ಪ್ಯಾನರ್ ಹಿಡಿದೇ ಬಂದ. ಪರದೆಯ ಮೇಲೆ 311 ಎಂದಿತ್ತು. ವರ್ಗಮೂಲ ತೆಗೆದರೆ ಸುಮಾರು ಹದಿನೆಂಟು ಮಿಲಿಮೀಟರು, ಎರಡು ಸೆಂಟಿಮೀಟರೂ ಇಲ್ಲ.

"ನನ್ನ ಪುಸ್ತಕಾನೂ ಹಾಗೇ ಹೇಳುತ್ತೆ," ಎಂದ ಅವನ ಹಿಂದೆಯೇ ಬಂದ ಮುದುಕ. "ನೀರು ಶಾಂತವಾಗಿದೆ, ದೋಣಿ ಬಿಡಬಹುದು."

ಮೆದೆರ್ ಸ್ಪ್ಯಾನರನ್ನು ಜೇಬಿಗಿಳಿಸಿದ. "ಹಾಗಾದ್ರೆ ಪೊರಕೆ?"

"ಮೂಲೇಲಿದೆ," ಎಂದಳು ಬುರುಲ್ಸುನ್, ಪರದೆಯಿಂದ ಕಣ್ಣು ತೆಗೆಯದೆ. "ಕಟ್ಟೆ ಮೇಲೆ ಮರಳು ಬಿದ್ದಿದೆ. ಇವತ್ತು ನೀನೇ ಗುಡಿಸಪ್ಪಾ."