ಕಾತ್ರಜ ಘಾಟಿನ ಮೇಲೆ ತಿಳಿಯದ ಇಂಗ್ಲಿಷು

ಧಾರವಾಡದ ಬಸ್ಸು ಬೆಳಗಿನ ಚಳಿಯಲ್ಲಿ ನನ್ನನ್ನೂ ನನ್ನ ಸೈಕಲ್ಲನ್ನೂ ಪುಣೆಯ ಅಂಚಿನ ಕಾತ್ರಜದಲ್ಲಿ ಇಳಿಸಿತು. ಸೈಕಲ್ಲಿಗೂ ಅರ್ಧ ಟಿಕೆಟ್ ತೆಗೆಸಿದ್ದೆ. ಡಿಕ್ಕಿಯೊಳಗೆ ಯಾರದೋ ಮೆಂತ್ಯದ ಸೊಪ್ಪಿನ ಚೀಲದ ಪಕ್ಕದಲ್ಲಿ ಮಲಗಿ ಬಂದಿದ್ದ ಸೈಕಲ್ಲಿಗೆ ಅದೇ ವಾಸನೆ ಹತ್ತಿತ್ತು. ಕರೆದೊಯ್ಯಲು ದೊಡ್ಡಮ್ಮನ ಮಗ ಮಲ್ಲಣ್ಣ ಬಂದಿದ್ದ. ಪುಣೆಯ ಒಂದು ಕಚೇರಿಯಲ್ಲಿ ಗುಮಾಸ್ತ. ನಲವತ್ತು ದಾಟಿದ ಮೇಲೆ ಸೈಕಲ್ಲಿನ ಹುಚ್ಚು ಹಿಡಿದಿದೆ. ನನ್ನ ಕ್ಷೇಮ ಕೇಳುವ ಮೊದಲೇ ತನ್ನ ಸೈಕಲ್ಲಿನ ಮುಂದಿನ ಗಾಲಿ ತೋರಿಸಿದ.

"ನೋಡು ಸುಮಾ, ತೈವಾನದ ಡಿಸ್ಕ್ ಬ್ರೇಕು. ಮನ್ಯಾಗ ನಾನೇ ಕೂಡಿಸೀನಿ."

ಮಧ್ಯಾಹ್ನ ಊರೊಳಗಿನ ಕ್ಯಾಂಪ್ ಪೇಟೆಯ ಸೈಕಲ್ ಅಂಗಡಿಗೆ ಹೋದೆವು. ನನಗೆ ಜಪಾನಿನ ಚೈನು ಬೇಕಿತ್ತು. ಅಲ್ಲಿ ಎತ್ತರದ ಬಿಳಿಯರೊಬ್ಬರು ಏನನ್ನೋ ಕೇಳುತ್ತ ನಿಂತಿದ್ದರು. ಅಂಗಡಿಯವರು ಪೆಡಲ್ ತಂದಿಟ್ಟರು. ಆ ಬಿಳಿಯರು ತಲೆ ಅಲ್ಲಾಡಿಸಿ ಮತ್ತೆ ಅದನ್ನೇ ಹೇಳಿದರು. ಅಂಗಡಿಯವರು ಇನ್ನೂ ದುಬಾರಿಯ ಪೆಡಲ್ ತಂದರು. ಕೊನೆಗೆ ಅವರು ತಮ್ಮ ಸೈಕಲ್ಲಿನ ಬ್ರೇಕಿನತ್ತ ಬೆರಳು ಮಾಡಿದಾಗ ತಿಳಿಯಿತು: ಬೇಕಾದದ್ದು ಡಿಸ್ಕನ್ನು ಒತ್ತಿ ಹಿಡಿದು ಗಾಲಿ ನಿಲ್ಲಿಸುವ ಪ್ಯಾಡು, ಅವರ ಬಾಯಲ್ಲಿ ಅದು 'ಪೆಡ್'.

"ಇವರು ಆಡೂದು ಇಂಗ್ಲಿಷ್ ಹೌದೇನು?" ಮಲ್ಲಣ್ಣ ನನ್ನ ಕಿವಿಯಲ್ಲಿ ಕೇಳಿದ.

ಹೆಸರು ಕ್ರೇಗ್. ನ್ಯೂಜಿಲೆಂಡಿನವರು, ತಳೇಗಾಂವದ ಕಾರ್ಖಾನೆಯಲ್ಲಿ ಎಂಜಿನಿಯರು. ತೈವಾನದ ಮಾಲು ಮೇಲೋ ಜಪಾನಿನದೋ ಎಂದು ಚಹಾ ಆರುವವರೆಗೂ ಚರ್ಚೆ ನಡೆಯಿತು. ಮಲ್ಲಣ್ಣನ 'ಇಸ್ಪ್ರಿಂಗು', 'ಇಸ್ಕ್ರೂ' ಅವರಿಗೂ ತಿಳಿಯಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಮರುದಿನ ಕಾತ್ರಜ ಘಾಟು ಹತ್ತಲು ಕರೆದೆವು. ಬರುತ್ತೇನೆಂದರೋ ಬರುವುದಿಲ್ಲವೆಂದರೋ ಗೊತ್ತಾಗಲಿಲ್ಲ. ಬೆಳಿಗ್ಗೆ ನೋಡಿದರೆ ನಮಗಿಂತ ಮೊದಲೇ ಬಂದು ನಿಂತಿದ್ದರು.

ಘಾಟಿನ ಬುಡದಲ್ಲಿ ಪೋಹೆ, ಅಂದರೆ ಅಲ್ಲಿಯ ಒಗ್ಗರಣೆ ಅವಲಕ್ಕಿ, ತಿಂದು ಹೊರಟೆವು. ಮಂಜು ಕರಗಿ ಬಿಸಿಲೇರಿತು. ಹಳೆಯ ಸುರಂಗ ದಾಟಿ ಆಚೆ ಬಂದಾಗ ಮೂವರಿಗೂ ಏದುಸಿರು. ಮುಂದೆ ಸಾತಾರಾದ ಕಡೆಗೆ ತಿರುವುಗಳ ಇಳಿಜಾರು. ಎದುರಿನಿಂದ ಲಾರಿಗಳು ಏರಿ ಬರುತ್ತಿದ್ದವು. ಮಲ್ಲಣ್ಣ ಪೆಡಲ್ ಮೇಲೆ ಕಾಲಿಟ್ಟ. ಹಿಂದಿನಿಂದ ಕ್ರೇಗ್ ಕೂಗಿದರು. ಗಾಳಿಯಲ್ಲಿ ನನಗೆ ಕೇಳಿಸಿದ್ದು, "ಪುನ್ ಈಸ್ ಗಾನ್! ಪುನ್ ಈಸ್ ಗಾನ್!"

"ಯೆಸ್, ಯೆಸ್! ಪುಣೆ ಗಾನ್, ಸಾತಾರಾ ಕಮಿಂಗ್!" ಮಲ್ಲಣ್ಣ ನಕ್ಕು ಕೈ ಬೀಸಿದ.

ಕ್ರೇಗ್ ತಮ್ಮ ಸೈಕಲ್ಲನ್ನು ನೆಲಕ್ಕೆ ಬಿಸುಟು ಓಡಿಬಂದು ಮಲ್ಲಣ್ಣನ ಸೀಟು ಹಿಡಿದರು. ಮಲ್ಲಣ್ಣನ ನಗು ಆರಿತು. "ಕೈ ಬಿಡ್ರಿ! ಲೀವ್ ಮೈ ಸೈಕಲ್!" ಅವರ ಮುಖ ಕೆಂಪಾಯಿತು, ಮಾತು ಇನ್ನೂ ವೇಗವಾಯಿತು. ಯಾರ ಪರ ವಹಿಸಲೆಂದು ತೋಚದೆ ನಾನು ನಡುವೆ ನಿಂತೆ. ಅವರ ಬೆರಳು ಮುಂದಿನ ಗಾಲಿಯತ್ತಲೇ ಇತ್ತು. ಬಗ್ಗಿ ನೋಡಿದೆ. ಬ್ರೇಕಿನೊಳಗಿನ ಪ್ಯಾಡು ಅರ್ಧ ಹೊರಗೆ ಜಾರಿತ್ತು. ಮುಟ್ಟಿದೊಡನೆ ಟಾರಿನ ಮೇಲೆ ಬಿತ್ತು. ಅದನ್ನು ಹಿಡಿದಿಡುವ ಪಿನ್ನು ದಾರಿಯಲ್ಲೆಲ್ಲೋ ಉದುರಿಹೋಗಿತ್ತು. ಅವರ 'ಪುನ್' ಅದು!

ಮಲ್ಲಣ್ಣ ರಸ್ತೆಯಂಚಿನ ಕಟ್ಟೆಯ ಮೇಲೆ ಕುಳಿತ. ಕೆಳಗಿನ ತಿರುವನ್ನು ನೋಡಿದ.

"ಕೂಡಿಸುವಾಗ ಒಂದು ಸಣ್ಣ ಕ್ಲಿಪ್ಪು ಉಳದಿತ್ತು," ಎಂದ. "ಎಕ್ಸ್‌ಟ್ರಾ ಕೊಟ್ಟಾರಂತ ತಿಳಕೊಂಡೆ. ಈ ಪಿನ್ನು ಬೀಳದಂಗ ಹಿಡಿಯೂದು ಅದೇ ಇರಬೇಕು. ಮನ್ಯಾಗ ಹೇಳಬ್ಯಾಡ, ಸುಮಾ."

ನನ್ನ ತಾಳಿಯ ಸರದಲ್ಲಿದ್ದ ಸೇಫ್ಟಿ ಪಿನ್ನು ಬಿಚ್ಚಿಕೊಟ್ಟೆ. ಕ್ರೇಗ್ ಅದನ್ನು ತೂರಿಸಿ ಪ್ಯಾಡು ನಿಲ್ಲಿಸಿದರು. ಆದರೂ ಹತ್ತಬೇಡಿ ಎಂದು ಕೈಸನ್ನೆ ಮಾಡಿದರು. ಅದು ಮಾತ್ರ ಚೆನ್ನಾಗಿ ತಿಳಿಯಿತು. ಸೈಕಲ್ ತಳ್ಳಿಕೊಂಡು ಮೂವರೂ ಕಾತ್ರಜಕ್ಕೆ ಇಳಿದೆವು. ದಾರಿಯುದ್ದಕ್ಕೂ ಮಲ್ಲಣ್ಣ ಅವರಿಗೆ ಕನ್ನಡದಲ್ಲೇ ಏನೋ ಹೇಳುತ್ತಿದ್ದ. ಅವರು ಹೂಂಗುಟ್ಟುತ್ತಿದ್ದರು.

ಮಧ್ಯಾಹ್ನ ನನ್ನ ಬಸ್ಸು ಬಂತು. ಮಲ್ಲಣ್ಣ ಕ್ರೇಗ್ ಅವರ ಎರಡೂ ಕೈ ಹಿಡಿದು, "ಥ್ಯಾಂಕ್ಯೂ ಸರ್, ಭಾಳ ಥ್ಯಾಂಕ್ಯೂ" ಎಂದ. ಅವರು ನಕ್ಕು, "ಸ್ವೀಟ್ ಆ್ಯಜ಼್" ಎಂದರು. ಇಂಥದ್ದರಷ್ಟು ಸಿಹಿ ಎಂದು ಏನೋ ಹೇಳಹೊರಟಿದ್ದಾರೆಂದುಕೊಂಡು ಮುಂದಿನ ಮಾತಿಗೆ ಇಬ್ಬರೂ ಕಾದೆವು. ಅವರ ಮಾತು ಅಲ್ಲಿಗೇ ಮುಗಿದಿತ್ತು; ನ್ಯೂಜಿಲೆಂಡಿನಲ್ಲಿ ಅದಕ್ಕೆ 'ಪರವಾಗಿಲ್ಲ ಬಿಡಿ' ಎಂದಷ್ಟೇ ಅರ್ಥವೆಂದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ.

ಬಸ್ಸು ಹೊರಟಿತು. ಮಲ್ಲಣ್ಣ ಕಿಟಕಿಯ ಪಕ್ಕ ಓಡುತ್ತ ಬಂದು ಕೂಗಿದ: "ಯಾವುದರಷ್ಟು ಅಂದ್ರು, ಸುಮಾ? ನಿನಗರ ಕೇಳಿಸಿತೇನು?"